ಓದು ಯಾರದು? – ಕುಂದಾಪುರ ಸೀಮೆಯ ಮೂರು ತಲೆಮಾರುಗಳ ವಿದ್ಯಾಭ್ಯಾಸ

ನಮ್ಮ ಸೀಮೆಯಲ್ಲಿ ವಿದ್ಯೆಗೂ ಹೊಳೆಗೂ ಬಹಳ ಹಳೆಯ ನಂಟು. ಬೈಂದೂರಿನ ಕಡೆಯಿಂದ ಕುಂದಾಪುರಕ್ಕೆ ಓದಲು ಬರುವವನಿಗೆ ಸೌಪರ್ಣಿಕೆ ಅಡ್ಡವಾಗುತ್ತಿತ್ತು. ಗಂಗೊಳ್ಳಿಯವನು ಪಂಚಗಂಗಾವಳಿಯನ್ನು ದೋಣಿಯಲ್ಲಿ ದಾಟಬೇಕಿತ್ತು. ಬ್ರಹ್ಮಾವರದವನು ಉಡುಪಿಗೆ ಹೋಗಬೇಕಾದರೆ ಸುವರ್ಣಾ ನದಿಯ ಕಡವಿನಲ್ಲಿ ನಿಂತು ದೋಣಿಯವನನ್ನು ಕೂಗಿ ಕರೆಯಬೇಕಾಗಿತ್ತು. ಇಂದು ಈ ಎಲ್ಲ ಹೊಳೆಗಳಿಗೂ ಸೇತುವೆಗಳಾಗಿವೆ, ಹೆದ್ದಾರಿ ಚತುಷ್ಪಥವಾಗಿದೆ, ಕಾಲೇಜಿನ ಬಸ್ಸು ಮನೆಯ ಅಂಗಳದ ಸಮೀಪಕ್ಕೇ ಬಂದು ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ದಾರಿ ಇಷ್ಟು ಸುಗಮವಾದ ಮೇಲೆ ಓದಿನ ಬಗೆಗಿನ ಆಸ್ಥೆಯೂ ಹೆಚ್ಚಬೇಕಿತ್ತಲ್ಲವೇ? ಪದವಿ ತರಗತಿಗಳಲ್ಲಿ ಪಾಠ ಮಾಡುವ ನನ್ನ ಮಿತ್ರರು ಹೇಳುವುದು ಬೇರೆಯೇ ಮಾತು. ಹುಡುಗರು ವಿಧೇಯರು, ಹಾಜರಿಯೂ ಸರಿಯಾಗಿಯೇ ಇದೆ, ಆದರೆ ಓದು ತಮ್ಮದೆಂಬ ಭಾವ ಹಲವರಲ್ಲಿ ಕಾಣುವುದಿಲ್ಲ ಎಂದು ಅವರ ದೂರು.

ಮೂರು ದಶಕಗಳಿಗೂ ಮಿಕ್ಕಿ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನಗೆ ಈ ದೂರು ಅನಿರೀಕ್ಷಿತವೇನೂ ಅಲ್ಲ. ಕಾಲೇಜಿನಲ್ಲಿ ಕಾಣಿಸಿಕೊಳ್ಳುವ ಲಕ್ಷಣದ ಬೇರು ಅದಕ್ಕೂ ಮೊದಲೇ, ಮನೆಯಲ್ಲಿ ಇಳಿದಿರುತ್ತದೆ. ತಂದೆತಾಯಿಗಳ ಅತಿಯಾದ ಕಾಳಜಿಯೇ ಇದಕ್ಕೆ ಕಾರಣವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಆ ಕಾಳಜಿಗೂ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ನೋಡದೆ ಹೆತ್ತವರನ್ನು ದೂಷಿಸುವುದು ನ್ಯಾಯವಲ್ಲವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲ ತಲೆಮಾರಿನಿಂದ ಆರಂಭಿಸೋಣ. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಆರಂಭವಾಗುವವರೆಗೆ ನಮ್ಮ ಕಡೆಯ ಹುಡುಗನೊಬ್ಬ ಕಾಲೇಜಿಗೆ ಹೋಗಬೇಕೆಂದರೆ ಸುಮಾರು 90 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಬೇಕಿತ್ತು. ಅಲ್ಲಿ ಸರಕಾರಿ ಕಾಲೇಜೂ 1880ರಲ್ಲಿ ಸ್ಥಾಪನೆಯಾದ ಸಂತ ಅಲೋಶಿಯಸ್ ಕಾಲೇಜೂ ಇದ್ದವು. ಇಲ್ಲವಾದರೆ ಘಟ್ಟ ಹತ್ತಿ ಮೈಸೂರಿಗೆ, ಇಲ್ಲವೇ ಮದರಾಸಿಗೆ ಹೋಗಬೇಕು. ಹೈಸ್ಕೂಲಿಗೂ ಊರು ಬಿಡಬೇಕಾದವರೇ ಹೆಚ್ಚು. ಹತ್ತು ಹನ್ನೆರಡು ವರ್ಷದ ಹುಡುಗ ಟ್ರಂಕು ಹೊತ್ತು ಕುಂದಾಪುರಕ್ಕೆ ಬಂದು ಯಾರದೋ ಮನೆಯ ಜಗಲಿಯಲ್ಲಿ ಮಲಗಿ, ವಾರಾನ್ನದ ಊಟ ಉಂಡು, ಒಂದೊಂದು ದಿನ ಒಂದೊಂದು ಮನೆಯವರ ಮುಖ ನೋಡಿ ಮಾತಾಡುವುದನ್ನು ಕಲಿತು ಓದುತ್ತಿದ್ದ. ಆ ವಾರಾನ್ನದ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಕವಿ ಗೋಪಾಲಕೃಷ್ಣ ಅಡಿಗರು 1918ರಲ್ಲಿ ಬೈಂದೂರು ಸಮೀಪದ ಮೊಗೇರಿಯಲ್ಲಿ ಹುಟ್ಟಿದವರು. ಬೈಂದೂರು, ಕುಂದಾಪುರಗಳಲ್ಲಿ ಓದಿ ಮುಂದೆ ಮೈಸೂರಿಗೆ ಹೋದರು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜು ಸೇರಿದರು. 1921ರಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನೇ ಬಿಟ್ಟರು. ಆಗ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ಒಬ್ಬರು ಓದಲು ಹೋದರು, ಇನ್ನೊಬ್ಬರು ಓದು ಬಿಟ್ಟರು. ಓದುವುದೂ ಬಿಡುವುದೂ ಆ ವಯಸ್ಸಿನ ಹುಡುಗನೊಬ್ಬ ತಾನೇ ತೂಗಿ ನೋಡಬಹುದಾದ ಸಂಗತಿಯಾಗಿತ್ತೆಂಬುದು ಇಲ್ಲಿ ಗಮನಿಸಬೇಕಾದದ್ದು.

ಇದೇ ಕಾಲದಲ್ಲಿ ಇನ್ನೊಂದು ದಾರಿಯಲ್ಲಿ ನಮ್ಮ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊರಟುಹೋದರು. ಅದು ಮುಂಬಯಿಯ ದಾರಿ. ಐದನೆಯ ತರಗತಿಗೋ ಆರನೆಯ ತರಗತಿಗೋ ಶಾಲೆ ಬಿಟ್ಟು, ಬಂಧುವೊಬ್ಬನ ಹಿಂದೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ನಿಂತ ಹುಡುಗರಲ್ಲಿ ಓದಿನ ಹಸಿವು ಇಂಗದ ಕೆಲವರು ಹಗಲೆಲ್ಲ ದುಡಿದು ರಾತ್ರಿ ಶಾಲೆಗೆ ಹೋದರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ನಡೆಸಿದ ಕನ್ನಡ ರಾತ್ರಿ ಶಾಲೆಗಳು ಇಂಥವರಿಗಾಗಿಯೇ ಇದ್ದವು. ಅಲ್ಲಿ ಓದಿದ ಹುಡುಗನನ್ನು ‘ಓದು’ ಎಂದು ಹೇಳುವವರು ಯಾರೂ ಹತ್ತಿರದಲ್ಲಿರಲಿಲ್ಲ. ‘ಸಾಕು ಮಲಗು’ ಎನ್ನುವವರೂ ಇರಲಿಲ್ಲ.

ಹಾಗೆಂದು ಆ ಕಾಲವನ್ನು ಕೊಂಡಾಡುವುದು ನನ್ನ ಉದ್ದೇಶವಲ್ಲ. ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಕಥೆ ನಮಗೆ ಗೊತ್ತು; ಲೋಟ ತೊಳೆಯುತ್ತಲೇ ಉಳಿದವರ ಕಥೆಯನ್ನು ಬರೆದವರಿಲ್ಲ. ಕಷ್ಟವು ಒಬ್ಬನನ್ನು ಗಟ್ಟಿ ಮಾಡಿದರೆ ಹತ್ತು ಮಂದಿಯನ್ನು ಮುರಿಯುತ್ತದೆ. ಇನ್ನು ಹೆಣ್ಣುಮಕ್ಕಳು ಆ ದೋಣಿಯನ್ನೇ ಹತ್ತಲಿಲ್ಲ. ಮುದ್ದಿನಿಂದ ಕೆಟ್ಟ ಮಕ್ಕಳು ಅಂದು ಇರಲಿಲ್ಲವೆಂದೂ ಅಲ್ಲ. ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ಓದಿದವರಿಗೆ ರಾಮ ಐತಾಳರ ಮಗ ಲಚ್ಚನ ನೆನಪಿದ್ದೇ ಇರುತ್ತದೆ. ಬಹುಕಾಲದ ಮೇಲೆ ಹುಟ್ಟಿದ ಮಗನೆಂಬ ಮೋಹ ಒಂದೆಡೆ, ಇಂಗ್ಲಿಷು ಕಲಿಸಿ ದೊಡ್ಡವನನ್ನಾಗಿ ಮಾಡಬೇಕೆಂಬ ತಂದೆಯ ಹಂಬಲ ಇನ್ನೊಂದೆಡೆ. ಇವೆರಡರ ನಡುವೆ ಆ ಹುಡುಗನ ಬಾಳು ಹದಗೆಟ್ಟ ಬಗೆಯನ್ನು ಕಾರಂತರು ನಮ್ಮ ಇದೇ ಕಡಲ ಕರೆಯ ಮರಳಿನಲ್ಲಿ ನಿಂತು ಚಿತ್ರಿಸಿದರು. ಲಚ್ಚನ ಓದು ಲಚ್ಚನದಾಗಿರಲಿಲ್ಲ, ಐತಾಳರದಾಗಿತ್ತು.

ಎರಡನೆಯ ತಲೆಮಾರು ನನ್ನದು. 1963ರಲ್ಲಿ ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಆರಂಭವಾದದ್ದು ಈ ಸೀಮೆಯ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು. ಕಾಲೇಜು ಹೊಳೆಯ ಈಚೆಗೆ ಬಂತು. ಅದರಿಂದ ಅತಿ ಹೆಚ್ಚು ಪ್ರಯೋಜನ ಪಡೆದವರು ಹೆಣ್ಣುಮಕ್ಕಳು. ಕುಂದಾಪುರದಲ್ಲಿಯೇ 1945ರಲ್ಲಿ ಹುಟ್ಟಿ, ಮುಂದೆ ಕನ್ನಡದ ದೊಡ್ಡ ಕತೆಗಾರ್ತಿಯಾದ ವೈದೇಹಿಯವರು ಬಿ.ಕಾಂ. ಓದಿದ್ದು ಈ ಕಾಲೇಜಿನಲ್ಲಿಯೇ. ಮಂಗಳೂರಿಗೆ ಕಳುಹಿಸಲು ಒಪ್ಪದ ಮನೆಗಳು ನಡೆದುಹೋಗುವಷ್ಟು ದೂರದ ಕಾಲೇಜಿಗೆ ಮಗಳನ್ನು ಕಳುಹಿಸಲು ಒಪ್ಪಿದವು. ಆದರೂ ‘ವರ ಬಂದರೆ ಓದು ಅಲ್ಲಿಗೆ ನಿಂತಿತು’ ಎಂಬ ಷರತ್ತು ಅನೇಕ ಮನೆಗಳಲ್ಲಿ ಹೇಳದೆಯೇ ಇರುತ್ತಿತ್ತು. ಯಾವ ದಿನ ನಿಲ್ಲುವುದೋ ತಿಳಿಯದ ಓದನ್ನು ಆ ಹುಡುಗಿಯರು ಎಷ್ಟು ಜತನದಿಂದ ಓದುತ್ತಿದ್ದರೆಂಬುದನ್ನು ನಾನು ಕಣ್ಣಾರೆ ಕಂಡವನು.

ಮುಂದೆ 1974ರ ಭೂಸುಧಾರಣೆ ಬಂತು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗೇಣಿ ಒಕ್ಕಲುಗಳಾಗಿದ್ದ ಅನೇಕ ಕುಟುಂಬಗಳು ಭೂಮಿಯ ಒಡೆತನ ಪಡೆದವು. ಆ ಮನೆಗಳಿಂದ ಮೊದಲ ಬಾರಿಗೆ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಕಾಲೇಜು ಸೇರಿದಾಗ ನನ್ನ ತಂದೆಯವರಿಗೆ ಸಹಿ ಮಾಡುವಷ್ಟೇ ಅಕ್ಷರಜ್ಞಾನವಿತ್ತು. ಪ್ರವೇಶ ಪತ್ರವನ್ನು ತುಂಬಿದವನು ನಾನೇ. ವಿದ್ಯಾರ್ಥಿ ವೇತನದ ಅರ್ಜಿಯನ್ನು ಓದಿ ಅವರಿಗೆ ಅರ್ಥ ಹೇಳಿದವನೂ ನಾನೇ. ಯಾವ ವಿಷಯ ತೆಗೆದುಕೊಳ್ಳಬೇಕೆಂದು ಅವರು ಕೇಳಲಿಲ್ಲ. ಕೇಳುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ‘ಫೇಲಾದರೆ ಗದ್ದೆ ಇದೆ’ ಎಂಬ ಒಂದೇ ಮಾತು ಅವರದು. ಅದನ್ನು ಬೆದರಿಕೆಯೆಂದೂ ತಿಳಿಯಬಹುದಿತ್ತು, ಭರವಸೆಯೆಂದೂ ತಿಳಿಯಬಹುದಿತ್ತು.

ಈಗ ಮೂರನೆಯ ತಲೆಮಾರಿಗೆ ಬರೋಣ. ಮುಂಬಯಿಯಲ್ಲಿ ಲೋಟ ತೊಳೆದವನು, ಕೊಲ್ಲಿ ರಾಷ್ಟ್ರಗಳಲ್ಲಿ ಬಿಸಿಲಿಗೆ ಬೆಂದವನು, ಮೊದಲ ಬಾರಿಗೆ ಪದವಿ ಪಡೆದು ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸಕ್ಕೆ ಸೇರಿದವನು – ಇವರೆಲ್ಲ ಹೆತ್ತವರಾದರು. ತಾನು ಪಟ್ಟ ಪಾಡು ತನ್ನ ಮಕ್ಕಳಿಗೆ ಬರಬಾರದೆಂದು ಒಬ್ಬೊಬ್ಬರೂ ಸಂಕಲ್ಪ ಮಾಡಿದರು. ಪರರ ಎಂಜಲು ಲೋಟ ತೊಳೆದು ಬೆಳೆದ ತಂದೆಯ ಮಗ ತಾನು ಉಂಡ ತಟ್ಟೆಯನ್ನೂ ತೊಳೆಯದೆ ಬೆಳೆದ. ಮಕ್ಕಳ ಸಂಖ್ಯೆಯೂ ಇಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 2.85 ಇದ್ದುದು 2019-21ರಲ್ಲಿ 1.7ಕ್ಕೆ ಇಳಿದಿದೆ. ಏಳೆಂಟು ಮಕ್ಕಳ ಮನೆಯಲ್ಲಿ ಹಂಚಿಹೋಗುತ್ತಿದ್ದ ಪ್ರೀತಿ, ಆತಂಕ, ನಿರೀಕ್ಷೆಗಳೆಲ್ಲ ಈಗ ಒಂದೆರಡು ಪುಟ್ಟ ಹೆಗಲುಗಳ ಮೇಲೆ ಬಂದು ಕುಳಿತವು. 1994ರಿಂದ ವೃತ್ತಿ ಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದ ಮೇಲೆ ಒಂದೊಂದು ಅಂಕಕ್ಕೂ ಬೆಲೆ ಬಂತು. ಅಂಕದ ಬೆಲೆ ತಿಳಿದ ವಿದ್ಯಾವಂತ ಹೆತ್ತವರು ಮಗನ ಓದನ್ನು ತಮ್ಮ ಕೈಗೇ ತೆಗೆದುಕೊಂಡರು.

ನಮ್ಮ ಸೀಮೆಗೆ ವಿಶಿಷ್ಟವಾದ ಇನ್ನೊಂದು ಕಾರಣವೂ ಇದೆ. ದುಡಿಯುವ ತಂದೆ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಇರುತ್ತಾನೆ. ಊರಿನಲ್ಲಿ ಮಕ್ಕಳನ್ನು ಸಾಕುವವಳು ತಾಯಿಯೊಬ್ಬಳೇ. ಮಗ ದಾರಿ ತಪ್ಪಿದರೆ, ಅಂಕ ಕಡಿಮೆಯಾದರೆ ಗಂಡನಿಗೂ ಅತ್ತೆಗೂ ಊರಿಗೂ ಉತ್ತರ ಹೇಳಬೇಕಾದವಳು ಅವಳೇ. ಶಾಲೆಯ ಪೋಷಕರ ಸಭೆಗೆ ಬಂದ ತಾಯಂದಿರು ಹೇಳುತ್ತಿದ್ದ ಮಾತು ಈಗಲೂ ಕಿವಿಯಲ್ಲಿದೆ: “ಮಾಣಿಗ್ ಎಂತದೂ ಗೊತ್ತಾತಿಲ್ಲೆ ಮಾಷ್ಟ್ರೇ, ಎಲ್ಲ ನಾನೇ ಕಾಣ್ಕ್.” ಆ ಮಾತಿನಲ್ಲಿ ದಣಿವಿತ್ತು, ಹೆಮ್ಮೆಯೂ ಇತ್ತು. ಅವಳನ್ನು ಅತಿಯಾಗಿ ಮುದ್ದಿಸುವವಳೆಂದು ಕರೆಯುವ ಮೊದಲು ಅವಳು ಎಷ್ಟು ಜನರ ಪ್ರಶ್ನೆಗೆ ಒಬ್ಬಳೇ ನಿಂತಿದ್ದಾಳೆಂಬುದನ್ನು ನಾವು ನೆನೆಯಬೇಕು.

ಹೆತ್ತವರ ಭಯ ಸುಳ್ಳೂ ಅಲ್ಲ. 2016ರ ಜೂನ್ 21ರ ಬೆಳಗ್ಗೆ ತ್ರಾಸಿಯ ಮೊವಾಡಿ ತಿರುವಿನಲ್ಲಿ ಶಾಲೆಗೆ ಹೊರಟ ಮಕ್ಕಳ ವಾಹನಕ್ಕೆ ಬಸ್ಸು ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ತುಂಬಿದ ಹಳ್ಳದ ಪಾಲಾದಳು. ಈ ಎರಡು ಸಂಗತಿಗಳ ಬಳಿಕ ಈ ಸೀಮೆಯ ಯಾವ ತಾಯಿಗಾದರೂ ‘ಮಗುವನ್ನು ಅದರಷ್ಟಕ್ಕೆ ಬಿಡಿ’ ಎಂದು ಉಪದೇಶಿಸಲು ಬಾಯಿ ಬರುವುದಿಲ್ಲ. ಎಳೆಯ ಮಗುವಿನ ಕೈ ಹಿಡಿದು ಸಂಕ ದಾಟಿಸುವುದು ಹೆತ್ತವರ ಧರ್ಮ. ಸಂಕವನ್ನು ಭದ್ರವಾಗಿ ಕಟ್ಟಿಸುವುದು ಸರಕಾರದ ಧರ್ಮ. ನನ್ನ ತಕರಾರಿರುವುದು ಜೀವ ಕಾಯುವ ಕೈಯ ಬಗ್ಗೆ ಅಲ್ಲ. ಹದಿನೆಂಟು ವರ್ಷದವನ ಪುಸ್ತಕವನ್ನೂ ತಾನೇ ಹಿಡಿದುಕೊಳ್ಳುವ ಕೈಯ ಬಗ್ಗೆ.

ಹಾಗೆ ಹಿಡಿದುಕೊಂಡರೆ ಆಗುವುದೇನು? ನಿವೃತ್ತಿಯ ನಂತರ ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳೊಡನೆ ಮಾತನಾಡುವಾಗ ನಾನು ಗಮನಿಸಿದ್ದನ್ನು ಹೇಳುತ್ತೇನೆ. ಪದವಿಯ ಎರಡನೆಯ ವರ್ಷದಲ್ಲಿದ್ದ ಹುಡುಗಿಯೊಬ್ಬಳನ್ನು ವಾಣಿಜ್ಯ ವಿಷಯವನ್ನು ಏಕೆ ಆರಿಸಿಕೊಂಡೆ ಎಂದು ಕೇಳಿದೆ. “ನಾನ್ ಕಾಮರ್ಸ್ ತಕಂಡದ್ದಲ್ಲ ಸಾರ್, ಅಪ್ಪ ತಕಂಡದ್ದ್” ಎಂದಳು. ಕೋಪದಿಂದ ಹೇಳಿದ ಮಾತಲ್ಲ, ನಗುತ್ತಲೇ ಹೇಳಿದ್ದು. ಆ ಒಂದು ವಾಕ್ಯದಲ್ಲಿ ಇಡೀ ಸಮಸ್ಯೆ ಅಡಗಿದೆ. ವಿಷಯವನ್ನು ಆರಿಸಿದವರು ಅಪ್ಪ, ಆದ್ದರಿಂದ ಪಾಸಾದರೆ ಅಪ್ಪ ಗೆದ್ದರು, ಫೇಲಾದರೆ ಅಪ್ಪನ ಆಯ್ಕೆ ತಪ್ಪಾಯಿತು. ಇದರ ನಡುವೆ ಓದುವವಳು ಎಲ್ಲಿದ್ದಾಳೆ?

ಇಂಥ ಮಕ್ಕಳು ಸೋಮಾರಿಗಳಲ್ಲ. ಕೊಟ್ಟ ಕೆಲಸವನ್ನು ಮುಗಿಸುತ್ತಾರೆ. ಆದರೆ ಕೊಡದ ಕೆಲಸವನ್ನು ಹುಡುಕಿಕೊಳ್ಳುವುದಿಲ್ಲ. ‘ಇದು ಪರೀಕ್ಷೆಗೆ ಬರುತ್ತದೆಯೇ?’ ಎಂಬುದೇ ಅವರ ಮೊದಲ ಪ್ರಶ್ನೆ, ಹಲವೊಮ್ಮೆ ಕೊನೆಯ ಪ್ರಶ್ನೆಯೂ ಅದೇ. ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವುದಕ್ಕಿಂತ ಉಪನ್ಯಾಸಕರ ಟಿಪ್ಪಣಿ ಮೊಬೈಲಿಗೆ ಬರುವುದನ್ನು ಕಾಯುತ್ತಾರೆ. ಒಂದು ಪತ್ರಿಕೆಯಲ್ಲಿ ಅನುತ್ತೀರ್ಣರಾದರೆ ಅದನ್ನು ಸರಿಪಡಿಸಿಕೊಳ್ಳುವ ದಾರಿಗಿಂತ ಮನೆಯಲ್ಲಿ ಮುಚ್ಚಿಡುವ ದಾರಿಯನ್ನು ಮೊದಲು ಯೋಚಿಸುತ್ತಾರೆ. ಬಾಲ್ಯದಿಂದ ಒಮ್ಮೆಯೂ ಬೀಳಲು ಬಿಡದವರಿಗೆ ಬಿದ್ದ ಮೇಲೆ ಏಳುವ ರೂಢಿಯಾದರೂ ಹೇಗೆ ಬರಬೇಕು?

ಇದೇ ತರಗತಿಗಳಲ್ಲಿ ಇನ್ನೊಂದು ಬಗೆಯ ಹುಡುಗರೂ ಇದ್ದಾರೆ. ಮದುವೆಯ ಋತುವಿನಲ್ಲಿ ರಜೆಯ ದಿನ ಬಡಿಸುವ ಕೆಲಸಕ್ಕೆ ಹೋಗಿ ಶುಲ್ಕಕ್ಕೆ ಹಣ ಕೂಡಿಸುವವರು, ಬೆಳಗ್ಗೆ ಮನೆಮನೆಗೆ ಪತ್ರಿಕೆ ಹಾಕಿ ಕಾಲೇಜಿಗೆ ಓಡುವವರು. ಅವರಿಗೆ ಓದಲು ಸಮಯ ಕಡಿಮೆ. ಆ ಕಾರಣದಿಂದ ಅಂಕವೂ ಕೆಲವೊಮ್ಮೆ ಕಡಿಮೆ. ಆದರೆ ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ ಯಾವುದು, ಮರುಮೌಲ್ಯಮಾಪನಕ್ಕೆ ಎಲ್ಲಿ ಅರ್ಜಿ ಹಾಕಬೇಕು ಎಂಬುದನ್ನು ಅವರು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ. ಅವರಿಗೆ ವಿಶ್ರಾಂತಿ ಬೇಕು, ನೆರವು ಬೇಕು. ಇತರರಿಗೆ ಅವರಲ್ಲಿರುವ ಒಡೆತನದ ಭಾವ ಬೇಕು.

ಮನಶ್ಶಾಸ್ತ್ರಜ್ಞರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಬಿ.ಎಡ್. ವಿದ್ಯಾರ್ಥಿಗಳಿಗೆ ಪರಿಚಿತರಾದ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಪಾಲನೆಯ ರೀತಿಗಳನ್ನು ವಿಂಗಡಿಸಿ, ನಿಯಮವನ್ನು ಬಿಡದೆ ಅದರ ಕಾರಣವನ್ನೂ ಮಗುವಿಗೆ ತಿಳಿಸಿ ಹೇಳುವ ಪಾಲನೆ ಬರೀ ದರ್ಪಕ್ಕಿಂತಲೂ ಬರೀ ಸಲುಗೆಗಿಂತಲೂ ಮೇಲೆಂದು ತೋರಿಸಿದರು. ತಾಯಿ ಹೆಲಿಕಾಪ್ಟರಿನಂತೆ ತನ್ನ ತಲೆಯ ಮೇಲೆಯೇ ಸುತ್ತುತ್ತಾಳೆಂಬ ಹುಡುಗನೊಬ್ಬನ ದೂರನ್ನು ಹೈಮ್ ಗಿನಾಟ್ 1969ರಷ್ಟು ಹಿಂದೆಯೇ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದರು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ವಿದ್ವಾಂಸರು ಪ್ರತಿಪಾದಿಸಿದ ಸಿದ್ಧಾಂತದಂತೆ ಮನುಷ್ಯನಲ್ಲಿ ಒಳಗಿನಿಂದ ಉತ್ಸಾಹ ಹುಟ್ಟಲು ಮೂರು ಸಂಗತಿಗಳು ಬೇಕು: ಇದು ನನ್ನ ಆಯ್ಕೆ ಎಂಬ ಭಾವ, ಇದನ್ನು ನಾನು ಮಾಡಬಲ್ಲೆನೆಂಬ ವಿಶ್ವಾಸ, ನನ್ನವರು ನನ್ನೊಡನೆ ಇದ್ದಾರೆಂಬ ನೆಮ್ಮದಿ. ನಮ್ಮ ಹಳೆಯ ತಲೆಮಾರಿಗೆ ಮೂರನೆಯದು ದುರ್ಲಭವಾಗಿತ್ತು. ಹೊಸ ತಲೆಮಾರಿಗೆ ಮೂರನೆಯದನ್ನು ಧಾರಾಳವಾಗಿ ಕೊಟ್ಟು ಮೊದಲಿನ ಎರಡನ್ನು ನಾವು ಇಟ್ಟುಕೊಂಡಿದ್ದೇವೆ.

ಕಾನೂನು ಈ ವಿಷಯದಲ್ಲಿ ಹೆತ್ತವರಿಗಿಂತ ಉದಾರಿಯೆಂದು ಹೇಳಬೇಕು. 1875ರ ವಯಸ್ಕತ್ವದ ಕಾಯಿದೆಯೇ ಹದಿನೆಂಟು ತುಂಬಿದವನನ್ನು ವಯಸ್ಕನೆಂದಿತು. 1989ರಲ್ಲಿ ಸಂವಿಧಾನದ 61ನೆಯ ತಿದ್ದುಪಡಿಯ ಮೂಲಕ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂದು ನಮ್ಮ ಹಿರಿಯರ ಸುಭಾಷಿತ ಅದಕ್ಕೂ ಎರಡು ವರ್ಷ ಮೊದಲೇ ಅಧಿಕಾರ ಕೊಟ್ಟಿದೆ. ದೇಶವನ್ನು ಆಳುವವರು ಯಾರೆಂದು ಆರಿಸಬಲ್ಲ ಯುವಕ ತನ್ನ ಐಚ್ಛಿಕ ವಿಷಯವನ್ನು ಆರಿಸಲಾರನೇ?

ಹಾಗಾದರೆ ಹೆತ್ತವರು ಏನು ಮಾಡಬೇಕು? ಮತ್ತೆ ಮಕ್ಕಳನ್ನು ವಾರಾನ್ನಕ್ಕೆ ಕಳುಹಿಸಿ ಎಂದು ನಾನು ಹೇಳುವುದಿಲ್ಲ. ಕಷ್ಟವನ್ನು ಹಿಂದಕ್ಕೆ ತರಬೇಕಾಗಿಲ್ಲ, ನಿರ್ಧಾರವನ್ನು ಮರಳಿಸಿದರೆ ಸಾಕು. ಹೈಸ್ಕೂಲಿನಲ್ಲಿಯೇ ಸಣ್ಣದಾಗಿ ಆರಂಭಿಸಬಹುದು. ಯೋಜನಾ ಕಾರ್ಯದ ಹಾಳೆಯನ್ನು ಮಗಳೇ ಬರೆಯಲಿ, ಅಕ್ಷರ ಸೊಟ್ಟಗಾದರೂ ಆಗಲಿ. ಬ್ಯಾಂಕಿನ ಚಲನ್ನು ಮಗನೇ ತುಂಬಲಿ. ಪ್ರವೇಶದ ಅರ್ಜಿಯನ್ನು ಅವನೇ ಓದಿ ತಂದೆಗೆ ವಿವರಿಸಲಿ, ಓದುಬರಹ ಬಲ್ಲ ತಂದೆ ಆ ಹೊತ್ತು ಓದು ಬಾರದವನಂತೆ ಕುಳಿತು ಕೇಳಲಿ! ಉಪನ್ಯಾಸಕರಲ್ಲಿ ಮಾತನಾಡಬೇಕಾದದ್ದಿದ್ದರೆ ಮೊದಲು ವಿದ್ಯಾರ್ಥಿಯೇ ಹೋಗಿ ಮಾತನಾಡಲಿ. ಒಂದು ಪತ್ರಿಕೆ ಬಾಕಿಯಾದರೆ ‘ಮುಂದೇನು ಮಾಡುತ್ತೀ?’ ಎಂದು ಕೇಳಿ ಸುಮ್ಮನಿರುವುದನ್ನು ಮನೆಯವರು ಅಭ್ಯಾಸ ಮಾಡಬೇಕು. ಆ ಸುಮ್ಮನಿರುವಿಕೆ ಬೈಗುಳಕ್ಕಿಂತಲೂ ಕಷ್ಟದ ಕೆಲಸ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಅವರಿಗೆ ‘ರಕ್ಷಣೆ’ ಎಂಬ ಹೆಸರಿನಲ್ಲಿ ಇಂದಿಗೂ ಅನೇಕ ಬಾಗಿಲುಗಳು ಮುಚ್ಚುತ್ತವೆ. ಉತ್ತಮ ಅಂಕ ಪಡೆದ ಹುಡುಗಿ ಸ್ನಾತಕೋತ್ತರ ಓದಿಗೆ ಮಂಗಳಗಂಗೋತ್ರಿಗೋ ಬೆಂಗಳೂರಿಗೋ ಹೋಗುವ ಮಾತೆತ್ತಿದಾಗ ಮನೆಯ ದನಿ ಬದಲಾಗುವುದನ್ನು ಕಂಡಿದ್ದೇನೆ. ಮುಂದೆ ಬಾಗಿಲು ತೆರೆಯುವುದಿಲ್ಲವೆಂದು ಮೊದಲೇ ತಿಳಿದವಳು ಪದವಿಯ ಓದಿಗೆ ಮನಸ್ಸು ಕೊಡುವುದಾದರೂ ಏತಕ್ಕೆ? ಅವಳ ನಿರಾಸಕ್ತಿಯನ್ನು ದೂರುವ ಮೊದಲು ಮನೆಯ ಬಾಗಿಲನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹೋಟೆಲಿನ ಹಿಂಬದಿಯಲ್ಲಿ ಲೋಟ ತೊಳೆದವರ ಮಕ್ಕಳು, ಮೊಮ್ಮಕ್ಕಳು ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಾಲೇಜುಗಳಲ್ಲಿ ಫ್ಯಾನಿನ ಗಾಳಿಯಲ್ಲಿ ಕುಳಿತು ಓದುತ್ತಿದ್ದಾರೆ. ಇದು ಆ ಹಿರಿಯರ ಬೆವರಿನ ಫಲ. ಇದರಲ್ಲಿ ನಾಚಬೇಕಾದದ್ದೇನೂ ಇಲ್ಲ. ತಮಗೆ ಇಲ್ಲದಿದ್ದ ಅನ್ನ, ಬಟ್ಟೆ, ಪುಸ್ತಕ, ವಾಹನ ಎಲ್ಲವನ್ನೂ ಅವರು ಮಕ್ಕಳಿಗೆ ಕೊಟ್ಟಿದ್ದಾರೆ. ತಮ್ಮಲ್ಲಿ ಇದ್ದದ್ದೊಂದನ್ನು ಕೊಡುವುದು ಬಾಕಿಯಿದೆ. ರಾತ್ರಿ ಹತ್ತು ಗಂಟೆಗೆ, ಯಾರೂ ಹೇಳದೆ, ಪುಸ್ತಕ ತೆರೆಯುವಾಗ ಆ ಹುಡುಗನಿಗಿದ್ದ ‘ಇದು ನನ್ನದು’ ಎಂಬ ಭಾವವೇ ಅದು.